ಛಾಯಾಚಿತ್ರದ ಸಂಸ್ಕರಣೆ ಮತ್ತು ಸತ್ಯಾಣುವ್ರತ

ಈ ಲೇಖನದಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಗ್ರಂಥವನ್ನಲ್ಲ, ಒಂದು ಸ್ಮರಣ ಸಂಚಿಕೆಯ ಹಿಂಬದಿಯ ರಕ್ಷಾಪುಟವನ್ನು. ಸಕಲೇಶಪುರ, ಆಲೂರು ಸೀಮೆಯ ಗುಡ್ಡಗಳ ನಡುವೆ ಇರುವ ಚಿಕ್ಕ ಬಸದಿಯೊಂದರ ಜೀರ್ಣೋದ್ಧಾರದ ನೆನಪಿಗಾಗಿ ಇತ್ತೀಚೆಗೆ ಆ ಸಂಚಿಕೆಯನ್ನು ಹೊರತರಲಾಯಿತು. ಊರಿನ ಹೆಸರು ಇಲ್ಲಿ ಅಗತ್ಯವಿಲ್ಲ. ಸಂಪಾದಕ ಸಮಿತಿಯ ಮೂವರಲ್ಲಿ ನಾನೂ ಒಬ್ಬನಾದುದರಿಂದ ಮುಂದೆ ಹೇಳುವ ದೋಷದಲ್ಲಿ ಮೂರನೆಯ ಒಂದು ಪಾಲು ನನ್ನದು. ಕರಡು ಪ್ರತಿಯ ಮೇಲೆ ‘ಚೆನ್ನಾಗಿದೆ, ಮುದ್ರಿಸಬಹುದು’ ಎಂದು ಬರೆದು ರುಜು ಹಾಕಿದ ಕೈಯೂ ನನ್ನದೇ ಆಗಿರುವಾಗ, ಪಾಲು ಅದಕ್ಕಿಂತ ಹೆಚ್ಚೆಂದು ಯಾರಾದರೂ ಹೇಳಿದರೆ ನಾನು ವಾದಿಸಲಾರೆ.

ಮೂಲ ಚಿತ್ರ ಕಪ್ಪು-ಬಿಳುಪಿನದು. ಸುಮಾರು ಐವತ್ತು ವರ್ಷಗಳ ಹಿಂದೆ ಪೇಟೆಯ ಸ್ಟುಡಿಯೋದವರೊಬ್ಬರು ಗರ್ಭಗೃಹದ ಬಾಗಿಲಲ್ಲಿ ಮುಕ್ಕಾಲಿ ನಿಲ್ಲಿಸಿ ತೆಗೆದದ್ದು. ಬಿಂಬದ ಎಡಭುಜದ ಹಿಂದೆ ಪ್ರಭಾವಳಿಯಲ್ಲಿ ಒಂದು ಬಿರುಕು ಕಾಣುತ್ತಿತ್ತು. ಮುಕ್ಕೊಡೆಯ ಒಂದು ಅಂಚು ಚಕ್ಕೆ ಎದ್ದಿತ್ತು. ಪೀಠದ ನಡುವೆ ಸವೆದ ಲಾಂಛನ, ಅದರ ಕೆಳಗೆ ಎರಡು ಸಾಲಿನ ಹಳೆಯ ಶಾಸನ. ಚಿತ್ರದ ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ಉಳಿದೆಡೆ ಹಳದಿ ಕಲೆ. ಇಂತಹ ಚಿತ್ರವನ್ನು ಬಣ್ಣದ ರಕ್ಷಾಪುಟಕ್ಕೆ ಹೇಗೆ ಒಗ್ಗಿಸುವುದೆಂದು ಸಮಿತಿಯು ಚಿಂತಿಸುತ್ತಿದ್ದಾಗ, ಗಣಕಯಂತ್ರದ ಕೆಲಸ ಬಲ್ಲ ತರುಣನೊಬ್ಬ ಒಂದೇ ಸಂಜೆಯಲ್ಲಿ ಅದನ್ನು ಹೊಸದು ಮಾಡಿ ತಂದ. ಬಿರುಕು ಮಾಯವಾಗಿತ್ತು, ಕಲೆಗಳು ಹೋಗಿದ್ದವು, ಮುಕ್ಕೊಡೆ ಪೂರ್ಣವಾಗಿತ್ತು. ಶಿಲೆಗೆ ತಿಳಿಯಾದ ಕಪ್ಪು ಹೊಳಪು ಬಂದಿತ್ತು. ಪೀಠದ ಪ್ರಾಣಿ ನಿಚ್ಚಳವಾಗಿ ಕಾಣುತ್ತಿತ್ತು. ಅದರ ಕೆಳಗಿನ ಅಕ್ಷರಗಳಂತೂ ನಿನ್ನೆ ಉಳಿ ಹಿಡಿದು ಕೊರೆದಂತೆ ಎದ್ದು ತೋರುತ್ತಿದ್ದವು. ನಾವು ಮೂವರೂ ಕನ್ನಡಕ ಏರಿಸಿ ನೋಡಿ ಸಂತೋಷಪಟ್ಟೆವು. ಅಕ್ಷರಗಳು ಸ್ಪಷ್ಟವಾಗಿವೆ ಎಂದು ಮೆಚ್ಚಿದೆವೇ ಹೊರತು ಅವನ್ನು ಓದಲು ಒಬ್ಬರೂ ಯತ್ನಿಸಲಿಲ್ಲ.

ಸಂಚಿಕೆ ಬಿಡುಗಡೆಯಾಗಿ ಆರು ತಿಂಗಳಾದ ಮೇಲೆ ಶಾಸನಶಾಸ್ತ್ರವನ್ನು ಅಭ್ಯಾಸ ಮಾಡುತ್ತಿರುವ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಹುಡುಕಿಕೊಂಡು ಬಂದಳು. ಅವಳ ಕೈಯಲ್ಲಿ ಆ ರಕ್ಷಾಪುಟವಿತ್ತು. ಅವಳದು ಎರಡೇ ಪ್ರಶ್ನೆ. ಬಸದಿ ಶಾಂತಿನಾಥಸ್ವಾಮಿಯದೆಂದು ಒಳಪುಟದಲ್ಲಿ ಬರೆದಿದೆ. ಪೀಠದ ಮೇಲೆ ಜಿಂಕೆಯ ಬದಲು ಆಡು ಇರುವುದೇಕೆ? ಶಾಸನದ ಅಕ್ಷರಗಳು ಯಾವ ಲಿಪಿಯವು? ನಾವು ಅಂದು ಮೊದಲ ಬಾರಿಗೆ ಆ ಪುಟವನ್ನು ನಿಜವಾಗಿ ನೋಡಿದೆವು. ಕೊಂಬುಗಳು ಹಿಂದಕ್ಕೆ ಬಾಗಿ, ಗಲ್ಲದ ಕೆಳಗೆ ಗಡ್ಡದಂತಹ ಒಂದು ಗೆರೆ ಮೂಡಿತ್ತು. ಹದಿನಾರನೆಯ ತೀರ್ಥಂಕರರ ಪೀಠದ ಮೇಲೆ ಹದಿನೇಳನೆಯ ಕುಂಥುನಾಥಸ್ವಾಮಿಯ ಲಾಂಛನ ಬಂದು ಕುಳಿತಿತ್ತು. ಅಕ್ಷರಗಳು ಕನ್ನಡವೂ ಅಲ್ಲ, ನಾಗರಿಯೂ ಅಲ್ಲ, ಗ್ರಂಥವೂ ಅಲ್ಲ. ಅಕ್ಷರದಂತೆ ಕಾಣುವ, ಆದರೆ ಯಾವ ಭಾಷೆಗೂ ಸೇರದ ಗೀರುಗಳು.

ಮೂಲವನ್ನು ತೆಗೆದು ತಾಳೆ ನೋಡೋಣವೆಂದರೆ ಮೂಲವಿರಲಿಲ್ಲ. ‘ಸರ್, ಸ್ಕ್ಯಾನ್ ಮಾಡಿದ್ದರ ಮೇಲೆಯೇ ಕೆಲಸ ಮಾಡಿ ಅದೇ ಹೆಸರಿನಲ್ಲಿ ಉಳಿಸಿಬಿಟ್ಟೆ’ ಎಂದು ಆ ತರುಣ ತಲೆ ತಗ್ಗಿಸಿದ. ಕಾಗದದ ಪ್ರತಿಯನ್ನು ಕೆಲಸ ಮುಗಿದ ಹಳೆಯ ಸಾಮಗ್ರಿಯೆಂದು ಮುದ್ರಣದವರು ರದ್ದಿಗೆ ಹಾಕಿದ್ದರು. ಕಲ್ಲನ್ನಾದರೂ ನೋಡೋಣವೆಂದರೆ, ಜೀರ್ಣೋದ್ಧಾರದ ಉತ್ಸಾಹದಲ್ಲಿ ಕೆಲಸಗಾರರು ಪೀಠವನ್ನು ಆಮ್ಲ ಹಾಕಿ ತಿಕ್ಕಿ ತೊಳೆದಿದ್ದರು. ಐವತ್ತು ವರ್ಷಗಳ ಹಿಂದಿನ ಆ ಒಂದು ಚಿತ್ರವೇ ಶಾಸನಕ್ಕೆ ಉಳಿದಿದ್ದ ಸಾಕ್ಷಿ. ಆ ಸಾಕ್ಷಿಯನ್ನು ನಾವು ಅಂದಗೊಳಿಸಿ ಕಳೆದುಕೊಂಡಿದ್ದೆವು.

ಇಷ್ಟು ಹೇಳಿದ ಮಾತ್ರಕ್ಕೆ ಛಾಯಾಚಿತ್ರವನ್ನು ತಿದ್ದುವುದೇ ಪಾಪವೆಂದು ಸಾರಲು ನಾನು ಹೊರಟಿಲ್ಲ. ತಿದ್ದುವ ಅಭ್ಯಾಸವು ಗಣಕಯಂತ್ರದಿಂದ ಹುಟ್ಟಿದ್ದಲ್ಲ, ಛಾಯಾಗ್ರಹಣದಷ್ಟೇ ಹಳೆಯದು. ಇದಕ್ಕೆ ದೂರ ಹೋಗಬೇಕಾಗಿಯೂ ಇಲ್ಲ. 1854ರ ಡಿಸೆಂಬರಿನಲ್ಲಿ ಮದರಾಸು ಸೈನ್ಯದ ಅಧಿಕಾರಿ ಲಿನ್ನಿಯಸ್ ಟ್ರೈಪ್ ಎಂಬಾತ ನಮ್ಮ ಹಾಸನ ಜಿಲ್ಲೆಯ ಹಳೇಬೀಡು, ಬೇಲೂರುಗಳ ದೇವಾಲಯಗಳನ್ನು ಚಿತ್ರಿಸಿದ. ಹೊಯ್ಸಳ ಶಿಲ್ಪದ ಅತ್ಯಂತ ಹಳೆಯ ಛಾಯಾಚಿತ್ರಗಳಲ್ಲಿ ಅವು ಸೇರಿವೆ. ಮರುವರ್ಷ ನಿಯೋಗವೊಂದರ ಜೊತೆ ಬರ್ಮಾ ದೇಶಕ್ಕೆ ಹೋದ ಅದೇ ಟ್ರೈಪ್, ಅಲ್ಲಿ ತೆಗೆದ ಕಾಗದದ ನೆಗೆಟಿವ್‌ಗಳ ಮೇಲೆ ಕುಂಚದಿಂದ ಬಣ್ಣ ಹಚ್ಚಿ ಆಕಾಶದಲ್ಲಿ ಮೋಡಗಳನ್ನು ಮೂಡಿಸಿದ. ಅಂದಿನ ರಾಸಾಯನಿಕ ಲೇಪಕ್ಕೆ ನೀಲಿ ಬೆಳಕು ಅತಿಯಾಗಿ ನಾಟುತ್ತಿದ್ದುದರಿಂದ ಕಟ್ಟಡ ಸರಿಯಾಗಿ ಬಂದರೆ ಆಕಾಶ ಬರಿಯ ಬಿಳಿ ಹಾಳೆಯಾಗುತ್ತಿತ್ತು. ಯಂತ್ರದ ಕೊರತೆಯನ್ನು ಕುಂಚದಿಂದ ತುಂಬಿದ್ದು ತಪ್ಪೆಂದು ಹೇಳುವುದು ಕಠಿಣ. ಆದರೂ ಆ ದಿನ ಆ ಪಗೋಡದ ಮೇಲೆ ಆ ಮೋಡ ಇರಲಿಲ್ಲವೆಂಬುದೂ ದಿಟವೇ. ಹಾಗಿದ್ದೂ ಇಂದಿನ ವಿದ್ವಾಂಸರು ಯಾವುದು ಬೆಳಕಿನ ಕೆಲಸ, ಯಾವುದು ಕುಂಚದ ಕೆಲಸ ಎಂದು ಬೇರ್ಪಡಿಸಿ ಹೇಳಬಲ್ಲರು. ಬಣ್ಣ ನೆಗೆಟಿವ್‌ನ ಮೇಲೆಯೇ ಕಣ್ಣಿಗೆ ಕಾಣುವಂತೆ ಉಳಿದಿರುವುದು ಅದಕ್ಕೆ ಕಾರಣ.

ನಮ್ಮ ತಂದೆ-ತಾಯಿಗಳ ಕಾಲದ ಸ್ಟುಡಿಯೋಗಳಲ್ಲೂ ತಿದ್ದುವಿಕೆ ಇತ್ತು. ಮುಖದ ಸುಕ್ಕು ಚಿತ್ರದಲ್ಲಿ ಕಪ್ಪಾಗಿ ಬೀಳುತ್ತದೆ. ನೆಗೆಟಿವ್‌ನಲ್ಲಿ ಅದೇ ಜಾಗ ಪಾರದರ್ಶಕವಾಗಿರುತ್ತದೆ. ಅಲ್ಲಿ ಮೊನಚಾದ ಪೆನ್ಸಿಲ್ಲಿನಿಂದ ನಯವಾಗಿ ಗೀಚಿದರೆ ಬೆಳಕು ತಡೆದು ಸುಕ್ಕು ತಿಳಿಯಾಗುತ್ತದೆ. ಇಳಿಜಾರು ಗಾಜಿನ ಮೇಜಿನ ಮುಂದೆ ಗಂಟೆಗಟ್ಟಲೆ ಕುಳಿತು ಈ ಕೆಲಸ ಮಾಡುತ್ತಿದ್ದವರ ಕಣ್ಣು ಬೇಗ ಹೋಗುತ್ತಿತ್ತೆಂದು ಕೇಳಿದ್ದೇನೆ. ಕೆಲಸ ಕಷ್ಟದ್ದಾದುದರಿಂದ ಮಿತಿಯೂ ತಾನಾಗಿ ಇತ್ತು. ಇಂದು ಕಷ್ಟ ಹೋಯಿತು, ಅದರೊಡನೆ ಮಿತಿಯೂ ಹೋಯಿತು.

ಆ ಮಿತಿ ಹೇಗೆ ಹಂತ ಹಂತವಾಗಿ ಸಡಿಲವಾಯಿತೆಂಬುದನ್ನು ಅರಿಯಲು ಉಪಕರಣಗಳ ಕಾರ್ಯವಿಧಾನವನ್ನು ಸ್ವಲ್ಪ ತಿಳಿಯಬೇಕು. 1990ರಲ್ಲಿ ಮಾರುಕಟ್ಟೆಗೆ ಬಂದ ಫೋಟೋಶಾಪ್ ತಂತ್ರಾಂಶದಲ್ಲಿ ಬೆಳಕು-ನೆರಳನ್ನು ಏರಿಳಿಸುವ ಸೌಕರ್ಯದ ಜೊತೆಗೆ, ಚಿತ್ರದ ಒಂದು ಭಾಗವನ್ನು ಎತ್ತಿ ಇನ್ನೊಂದು ಭಾಗದ ಮೇಲೆ ಮೆತ್ತುವ ಠಸ್ಸೆಯಂತಹ ಉಪಕರಣವೂ ಇತ್ತು. 2002ರಲ್ಲಿ ಬಂದ ‘ಹೀಲಿಂಗ್ ಬ್ರಷ್’, ಅಂದರೆ ಗಾಯ ಮಾಗಿಸುವ ಕುಂಚ, ಹಾಗೆ ಮೆತ್ತಿದ ತೇಪೆಯನ್ನು ಸುತ್ತಲಿನ ಬಣ್ಣದೊಡನೆ ಬೆರೆಸಿ ಗುರುತು ಸಿಗದಂತೆ ಮಾಡಿತು. 2010ರ ಆವೃತ್ತಿಯಲ್ಲಿ, ಅಳಿಸಿದ ಜಾಗವನ್ನು ಏನಿಂದ ತುಂಬಬೇಕೆಂಬುದನ್ನು ತಂತ್ರಾಂಶವೇ ಅದೇ ಚಿತ್ರದ ಬೇರೆಡೆಗಳಿಂದ ಹುಡುಕಿಕೊಳ್ಳತೊಡಗಿತು. 2023ರಿಂದೀಚೆಗಿನ ಕೃತಕ ಬುದ್ಧಿಮತ್ತೆಯ ಉಪಕರಣಗಳು ಚಿತ್ರದೊಳಗೆ ಹುಡುಕುವುದಕ್ಕೂ ಕಟ್ಟುಬಿದ್ದಿಲ್ಲ. ಲೆಕ್ಕವಿಲ್ಲದಷ್ಟು ಅನ್ಯಚಿತ್ರಗಳಿಂದ ಕಲಿತ ರೂಢಿಯ ಬಲದಿಂದ, ಇಲ್ಲಿ ಏನಿರಬಹುದೋ ಅದನ್ನು ಹೊಸದಾಗಿ ಬರೆಯುತ್ತವೆ. ನಮ್ಮ ಪೀಠದ ಮೇಲೆ ನಡೆದದ್ದು ಇದೇ. ಜಗತ್ತಿನಲ್ಲಿ ಕೊಂಬುಳ್ಳ ಚಿಕ್ಕ ಪ್ರಾಣಿಗಳ ಚಿತ್ರಗಳಲ್ಲಿ ಆಡಿನವು ಹೆಚ್ಚಿದ್ದಿರಬೇಕು. ಆದ್ದರಿಂದ ಸವೆದ ಜಿಂಕೆ ಆಡಾಯಿತು. ಹನ್ನೆರಡನೆಯ ಶತಮಾನದ ಕನ್ನಡ ಲಿಪಿಯ ಪರಿಚಯ ಆ ಯಂತ್ರಕ್ಕೆ ಇಲ್ಲದುದರಿಂದ ಶಾಸನ ಗೀರಾಯಿತು. ಯಂತ್ರ ಸುಳ್ಳು ಹೇಳಲಿಲ್ಲ. ಅದಕ್ಕೆ ನಿಜವೆಂದರೇನೆಂದು ಗೊತ್ತೂ ಇಲ್ಲ. ಅದು ಹೇಳಿದ್ದನ್ನು ನಿಜವೆಂದು ಅಚ್ಚುಮಾಡಿದವರು ನಾವು.

ನಾನು ಮೆಣಸು, ಏಲಕ್ಕಿ, ಕಾಫಿಯ ವ್ಯಾಪಾರದಲ್ಲಿ ನಲವತ್ತು ವರ್ಷ ಕಳೆದವನು. ನನಗೆ ಈ ಉಪಕರಣಗಳ ಭೇದ ಅರ್ಥವಾದದ್ದು ಮೆಣಸಿನ ಮೂಲಕ. ಬೆಳೆಗಾರ ತಂದ ಮೆಣಸನ್ನು ತೂರುತ್ತೇವೆ, ಜರಡಿ ಹಿಡಿಯುತ್ತೇವೆ, ಕಡ್ಡಿ-ಕಲ್ಲು ಆರಿಸುತ್ತೇವೆ. ಇದರಲ್ಲಿ ದೋಷವಿಲ್ಲ, ಕೊಳ್ಳುವವನೂ ಇದನ್ನೇ ಬಯಸುತ್ತಾನೆ. ಹಳೆಯ ಚಿತ್ರದ ಹಳದಿ ಕಲೆ ತೆಗೆದು ಮಂಕಾದ ಭಾಗಕ್ಕೆ ಬೆಳಕು ಕೊಡುವುದು ಈ ಜಾತಿಯ ಕೆಲಸ. ಇನ್ನು ಕೆಲವರು ಮೆಣಸಿಗೆ ಖನಿಜ ತೈಲ ಸವರುತ್ತಾರೆ. ಕಾಳು ಕಪ್ಪಾಗಿ ಮಿನುಗುತ್ತದೆ, ಬೂಸಲು ಬಾರದು. 2012ರ ಕೊನೆಯಲ್ಲಿ ಕೊಚ್ಚಿಯ ಗೋದಾಮುಗಳಲ್ಲಿ ಇಂತಹ ತೈಲದ ಕಾರಣಕ್ಕೆ ಆಹಾರ ಸುರಕ್ಷತಾ ಅಧಿಕಾರಿಗಳು ಸಾವಿರಾರು ಟನ್ ಮೆಣಸಿಗೆ ಬೀಗಮುದ್ರೆ ಹಾಕಿದ್ದು ನಮ್ಮ ವ್ಯಾಪಾರಿಗಳಿಗೆಲ್ಲ ನೆನಪಿದೆ. ಕಾಳು ಮೆಣಸಿನದೇ, ಆದರೆ ಅದು ತೋರುವ ಗುಣ ಅದರದಲ್ಲ. ಮುಖದ ಬಣ್ಣ ಬಿಳಿ ಮಾಡಿ, ಚರ್ಮದ ಸೂಕ್ಷ್ಮ ರಂಧ್ರಗಳನ್ನೆಲ್ಲ ಮುಚ್ಚಿ ಮೇಣದ ಬೊಂಬೆಯಾಗಿಸಿದ ಚಿತ್ರ ಈ ವರ್ಗದ್ದು. ಮೂರನೆಯದು ಪಪ್ಪಾಯಿ ಬೀಜ ಬೆರೆಸುವುದು. ಗಾತ್ರ ಒಂದೇ, ಬಣ್ಣ ಒಂದೇ, ಆದರೆ ವಸ್ತುವೇ ಬೇರೆ.

ನಮ್ಮ ಆಚಾರ್ಯರು ಇದನ್ನು ಬಹು ಹಿಂದೆಯೇ ಗುರುತಿಸಿದ್ದಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ಸದೃಶಸನ್ಮಿಶ್ರ’ವೆಂಬುದನ್ನು ಎಣಿಸುತ್ತದೆ. ಅಂದರೆ ಒಂದನ್ನು ಅದರಂತೆಯೇ ಕಾಣುವ ಇನ್ನೊಂದರೊಡನೆ ಬೆರೆಸುವುದು. ಪಪ್ಪಾಯಿ ಬೀಜಕ್ಕೆ ಇದಕ್ಕಿಂತ ಸರಿಯಾದ ಹೆಸರಿಲ್ಲ. ಪಕ್ಕದ ಕಲ್ಲಿನ ತುಣುಕನ್ನು ತಂದು ಬಿರುಕಿನ ಮೇಲೆ ಮೆತ್ತಿದ್ದಕ್ಕೂ, ಇಲ್ಲದ ಅಕ್ಷರವನ್ನು ಇದ್ದ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದಕ್ಕೂ ಈ ಹೆಸರೇ ಒಪ್ಪುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಬರುವ ‘ಕೂಟಲೇಖ’ವನ್ನು ಇಲ್ಲಿಯವರೆಗೆ ನಾವು ಖೋಟಾ ಪತ್ರ, ಸುಳ್ಳು ಲೆಕ್ಕ ಎಂದಷ್ಟೇ ತಿಳಿದಿದ್ದೆವು. ಬಸದಿಯ ಸ್ಮರಣ ಸಂಚಿಕೆಯೇ ಕೂಟಲೇಖವಾಗಬಹುದೆಂದು ನನಗಂತೂ ಹೊಳೆದಿರಲಿಲ್ಲ.

ನನ್ನ ಈ ಕೊರಗನ್ನು ಕೇಳಿದ ಮಿತ್ರರೊಬ್ಬರು, ಅವರು ನನಗಿಂತ ಹೆಚ್ಚು ಓದಿದವರು, ಅನೇಕಾಂತದ ಆಧಾರದಿಂದಲೇ ಒಂದು ಆಕ್ಷೇಪವನ್ನೆತ್ತಿದರು. ಯಾವ ಛಾಯಾಚಿತ್ರವೂ ವಸ್ತುವಿನ ಪೂರ್ಣ ಸತ್ಯವಲ್ಲ. ಕಪ್ಪು-ಬಿಳುಪಿನ ಚಿತ್ರ ಬಣ್ಣವನ್ನೇ ಬಿಟ್ಟಿತು. ಮಸೂರ ದೂರ-ಸಮೀಪವನ್ನು ತನಗೆ ತೋಚಿದಂತೆ ಬದಲಿಸಿತು. ಛಾಯಾಗ್ರಾಹಕ ಎಲ್ಲಿ ನಿಂತನೋ ಅಲ್ಲಿಂದ ಕಂಡದ್ದಷ್ಟೇ ಬಂತು. ಚಿತ್ರವೆಲ್ಲ ಒಂದೊಂದು ನಯವಾಗಿರುವಾಗ, ತಿದ್ದಿದ ಚಿತ್ರವೂ ಇನ್ನೊಂದು ನಯವೆಂದು ಏಕೆ ತಿಳಿಯಬಾರದು? ಬಿಂಬ ಪ್ರತಿಷ್ಠೆಯಾದ ದಿನ ಬಿರುಕು ಇರಲಿಲ್ಲವಷ್ಟೆ?

ವಾದ ಚತುರವಾದದ್ದು. ಒಂದು ರಾತ್ರಿ ನಿದ್ದೆ ಕೆಡಿಸಿತು. ಉತ್ತರ ದೊರೆತದ್ದು ನಮ್ಮ ಮನೆಯ ಮುಂದಿನ ಗುಡ್ಡದಲ್ಲಿ. ದೋಣಿಗಲ್ಲಿನ ಹೆದ್ದಾರಿಯಿಂದ ಮೇಲೆ ಹತ್ತಿದರೆ ಮಂಜರಾಬಾದ್ ಕೋಟೆ. 1792ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಕಟ್ಟಿದ್ದು. ಎಂಟು ಮೂಲೆಯ ನಕ್ಷತ್ರಾಕಾರದ್ದು. ಈ ಆಕಾರ ಕೋಟೆಯ ಒಳಗೆ ನಿಂತವನಿಗೆ ತೋರುವುದಿಲ್ಲ. ಅವನಿಗೆ ಕಾಣುವುದು ಪಾಚಿ ಹಿಡಿದ ಗೋಡೆ, ನಡುವಿನ ಕೊಳ, ಮಳೆಗಾಲವಾದರೆ ಬರಿಯ ಮಂಜು. ಡ್ರೋನ್ ಎಂಬ ಹಾರುವ ಕ್ಯಾಮೆರಾ ಬಂದ ಮೇಲೆ ಮೇಲಿನಿಂದ ತೆಗೆದ ಚಿತ್ರಗಳು ಎಲ್ಲೆಡೆ ಹರಡಿ, ಕೋಟೆಯ ನೆರಳಿನಲ್ಲೇ ಬೆಳೆದ ನಮ್ಮಂತಹವರಿಗೂ ಆ ನಕ್ಷತ್ರದ ದರ್ಶನವಾಯಿತು. ಇದು ನಯ. ಆಕಾಶದಿಂದ ನೋಡಿದೆನೆಂಬುದನ್ನು ಆ ಚಿತ್ರ ಮುಚ್ಚಿಡುವುದಿಲ್ಲ; ಒಳಗೆ ನಿಂತವನು ಕಂಡ ಗೋಡೆಯನ್ನು ಅಲ್ಲಗಳೆಯುವುದೂ ಇಲ್ಲ.

ಇದೇ ಗುಡ್ಡಗಳ ಇನ್ನೊಂದು ಚಿತ್ರವನ್ನು ಪ್ರವಾಸಿಗರ ವಸತಿಗೃಹವೊಂದರ ಜಾಹೀರಾತಿನಲ್ಲಿ ಕಂಡೆ. ಹಸಿರು ಯಾವ ಋತುವಿನಲ್ಲೂ ಇಲ್ಲಿ ಕಾಣದಷ್ಟು ಗಾಢ. ಅದಿರಲಿ, ಬಣ್ಣದ ಅತಿಶಯವನ್ನು ಜನ ಕ್ಷಮಿಸುತ್ತಾರೆ. ಆದರೆ ಹೆದ್ದಾರಿಯ ಅಗಲೀಕರಣಕ್ಕೆ ಕಡಿದ ಗುಡ್ಡದ ಕೆಂಪು ಗಾಯವೂ, ಮಳೆಗೆ ಜಾರಿದ ಮಣ್ಣಿನ ಗುರುತೂ ಚಿತ್ರದಲ್ಲಿ ಇರಲಿಲ್ಲ. ಗಾಯ ಮಾಗಿಸುವ ಕುಂಚ ಅಲ್ಲಿ ತನ್ನ ಹೆಸರಿಗೆ ತಕ್ಕ ಕೆಲಸ ಮಾಡಿತ್ತು. 2018ರ ಆಗಸ್ಟಿನಲ್ಲಿ ಘಾಟಿಯ ರೈಲುಮಾರ್ಗದ ಮೇಲೆ ಗುಡ್ಡಗಳು ಜಾರಿ ತಿಂಗಳುಗಟ್ಟಲೆ ಸಂಚಾರ ನಿಂತಿತ್ತು. 2022ರ ಮಳೆಯಲ್ಲಿ ದೋಣಿಗಲ್ ಬಳಿಯೇ ರಾಷ್ಟ್ರೀಯ ಹೆದ್ದಾರಿ ಕುಸಿಯಿತು. ಇದನ್ನೆಲ್ಲ ಕಂಡ ನಮಗೆ ಆ ಅಳಿಸಿದ ಗಾಯದ ಬೆಲೆ ಗೊತ್ತು. ಆ ಚಿತ್ರವನ್ನು ನಂಬಿ ದೂರದ ಊರಿನವರು ಅಲ್ಲಿ ತುಂಡು ಜಮೀನು ಕೊಂಡರೆ, ಮನೆ ಕಟ್ಟಿದರೆ, ಅವರಿಗೆ ಇದನ್ನು ಹೇಳುವವರು ಯಾರು?

ಸ್ಯಾದ್ವಾದದಲ್ಲಿ ‘ಸ್ಯಾತ್’ ಎಂಬ ಪದ ಅಲಂಕಾರಕ್ಕಾಗಿ ಬಂದದ್ದಲ್ಲ. ನಾನು ಹೇಳುತ್ತಿರುವುದು ಒಂದು ಅಪೇಕ್ಷೆಯಿಂದ ಎಂಬ ಒಪ್ಪಿಗೆ ಅದರಲ್ಲಿದೆ. ಉಳಿದ ನಯಗಳನ್ನು ನಿರಾಕರಿಸಿ ತಾನೇ ಸಂಪೂರ್ಣವೆಂದು ನಿಲ್ಲುವ ನಯವನ್ನು ನಮ್ಮ ತಾರ್ಕಿಕರು ದುರ್ನಯವೆಂದು ಕರೆದಿದ್ದಾರೆ. ತಿದ್ದಿದ ಚಿತ್ರದ ಕೆಳಗೆ ‘ಸಂಸ್ಕರಿಸಿದ ಪ್ರತಿ’ ಎಂದು ಎರಡು ಪದ ಅಚ್ಚು ಹಾಕಿದರೆ ಅದೇ ಅದರ ‘ಸ್ಯಾತ್’. ಪ್ರತಿಷ್ಠೆಯ ದಿನ ಬಿಂಬ ಹೇಗಿದ್ದಿರಬಹುದೆಂದು ಕಲ್ಪಿಸಿ ತೋರಿಸುವುದಾದರೆ ಹಾಗೆಂದೇ ಹೇಳಿ ತೋರಿಸಲಿ, ಯಾರ ಅಭ್ಯಂತರವೂ ಇರಲಾರದು. ನಮ್ಮ ರಕ್ಷಾಪುಟದ ಅಡಿಯಲ್ಲಿ ನಾವು ಹಾಕಿದ್ದ ಶೀರ್ಷಿಕೆ ಮಾತ್ರ ಬೇರೆಯಾಗಿತ್ತು: ‘ಮೂಲನಾಯಕ ಬಿಂಬ, ಹಳೆಯ ಛಾಯಾಚಿತ್ರ’. ಮಿತ್ರರು ಇದನ್ನು ಓದಿ ತಮ್ಮ ಆಕ್ಷೇಪವನ್ನು ಹಿಂದಕ್ಕೆ ಪಡೆದರು.

ಬಸದಿಗಳ ಟ್ರಸ್ಟಿನವರಿಗೆ ಇದು ಬರಿಯ ತತ್ತ್ವಚರ್ಚೆಯಾಗಿ ತೋರಬಾರದು. 2013ರ ಜುಲೈನಲ್ಲಿ ಮೂಡುಬಿದಿರೆಯ ಸಿದ್ಧಾಂತ ದರ್ಶನದ ಅಮೂಲ್ಯ ಬಿಂಬಗಳು ಕಳುವಾದಾಗ ನಾಡಿನ ಜೈನರೆಲ್ಲ ತಲ್ಲಣಿಸಿದ್ದರು. ಕಳುವಾದ ಬಿಂಬವೊಂದು ಎಲ್ಲೋ ಸಿಕ್ಕಿದಾಗ ‘ಇದು ನಮ್ಮದು’ ಎಂದು ಸಾಧಿಸುವುದು ಯಾವುದರಿಂದ? ಸೌಂದರ್ಯದಿಂದ ಸಾಧ್ಯವಿಲ್ಲ, ಸುಂದರ ಬಿಂಬಗಳು ಒಂದರಂತೆ ಇನ್ನೊಂದಿರುತ್ತವೆ. ಚಕ್ಕೆ ಎದ್ದ ಅಂಚು, ಎರಕದಲ್ಲಿ ಉಳಿದ ಸಣ್ಣ ಗುಳಿ, ಪೀಠದ ಮೇಲಿನ ಗೀರು, ಇವೇ ಬಿಂಬದ ಹೆಬ್ಬೆಟ್ಟಿನ ಗುರುತು. ತಮಿಳುನಾಡಿನ ಶ್ರೀಪುರಂದಾನದ ದೇವಾಲಯದಿಂದ ಕಳುವಾದ ನಟರಾಜ ವಿಗ್ರಹವನ್ನು ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಸಂಗ್ರಹಾಲಯ 2008ರಲ್ಲಿ ಐವತ್ತು ಲಕ್ಷ ಡಾಲರಿಗೆ ಕೊಂಡಿತ್ತು. ಅದು 2014ರಲ್ಲಿ ಭಾರತಕ್ಕೆ ಮರಳಿತು. ಹಾಗೆ ಮರಳುವಲ್ಲಿ ಪುದುಚ್ಚೇರಿಯ ಫ್ರೆಂಚ್ ಸಂಸ್ಥೆಯ ಸಂಗ್ರಹದಲ್ಲಿದ್ದ ಹಳೆಯ ಛಾಯಾಚಿತ್ರಗಳ ಪಾತ್ರ ದೊಡ್ಡದು. ಆ ಸಂಸ್ಥೆಯವರು ಚಿತ್ರಗಳನ್ನು ರಕ್ಷಾಪುಟಕ್ಕೆಂದು ಅಂದಗೊಳಿಸಿ ಮೂಲವನ್ನು ಎಸೆದಿದ್ದರೆ ಏನಾಗುತ್ತಿತ್ತೆಂದು ವಾಚಕರೇ ಊಹಿಸಲಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಹಳೆಯ ಬಿಂಬಗಳನ್ನು ನೋಂದಾಯಿಸುವಾಗಲೂ ಛಾಯಾಚಿತ್ರ ಲಗತ್ತಿಸಬೇಕು. ಅಲ್ಲಿಗೆ ಕೂಡ ‘ಚೆನ್ನಾಗಿ ಕಾಣಲಿ’ ಎಂದು ಬಿರುಕು ಅಳಿಸಿದ ಚಿತ್ರ ಕಳುಹಿಸಿದವರುಂಟು. ಭಿನ್ನ ಬಿಂಬವೆಂದು ಯಾರಾದರೂ ಆಡಿಕೊಂಡಾರು ಎಂಬ ಅಂಜಿಕೆ ಇದರ ಹಿಂದಿರುತ್ತದೆ. ನಮ್ಮ ಸಮಿತಿಯಲ್ಲೂ ಆ ಅಂಜಿಕೆ ಇತ್ತೆಂಬುದನ್ನು ಬಚ್ಚಿಡಲಾರೆ. ಬಿರುಕು ಇದ್ದದ್ದು ಪ್ರಭಾವಳಿಯಲ್ಲಿ, ಬಿಂಬದಲ್ಲಲ್ಲ, ಆದರೂ ಅಂಜಿದೆವು.

ವಿದ್ಯಾವಂತರ ಲೋಕವೂ ಈ ದೋಷದಿಂದ ಹೊರತಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ 2020ರಲ್ಲಿ ‘ನೇಚರ್ ಕೆಮಿಕಲ್ ಬಯಾಲಜಿ’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಂಶೋಧನ ಪ್ರಬಂಧವನ್ನು, ಅದರ ಚಿತ್ರಗಳನ್ನು ತಿರುಚಲಾಗಿದೆಯೆಂದು ತಿಳಿದುಬಂದ ಮೇಲೆ 2021ರಲ್ಲಿ ಹಿಂತೆಗೆದುಕೊಳ್ಳಲಾಯಿತು. 2016ರಲ್ಲಿ ವಿದೇಶ ವಿಜ್ಞಾನಿಗಳು 20,621 ಜೀವವಿಜ್ಞಾನ ಪ್ರಬಂಧಗಳನ್ನು ಪರಿಶೀಲಿಸಿ, ಶೇಕಡ 3.8ರಲ್ಲಿ ಒಂದೇ ಚಿತ್ರವನ್ನು ಮತ್ತೆ ಮತ್ತೆ ಬಳಸಿದಂತಹ ದೋಷಗಳನ್ನು ತೋರಿಸಿಕೊಟ್ಟಿದ್ದರು. ವಿಜ್ಞಾನಿಗಳ ಒಂದು ಗುಣವನ್ನು ಮೆಚ್ಚಬೇಕು: ತಪ್ಪೆಂದು ತಿಳಿದಾಗ ಪ್ರಬಂಧದ ಮೇಲೆಯೇ ‘ಹಿಂತೆಗೆದುಕೊಳ್ಳಲಾಗಿದೆ’ ಎಂದು ಅಚ್ಚು ಹಾಕುತ್ತಾರೆ. ನಮ್ಮ ಸ್ಮರಣ ಸಂಚಿಕೆಗಳಿಗೆ ಅಂತಹ ಪದ್ಧತಿಯೇ ಇಲ್ಲ.

ಬಿ.ಕಾಂ. ತರಗತಿಯಲ್ಲಿ ನಮಗೆ ಮೊದಲು ಕಲಿಸಿದ ಪಾಠವೆಂದರೆ ಲೆಕ್ಕದ ಪುಸ್ತಕದಲ್ಲಿ ಅಳಿಸಬಾರದೆಂಬುದು. ತಪ್ಪು ಬರೆದರೆ ಒಂದು ಗೆರೆ ಎಳೆ. ಕೆಳಗಿನ ಅಂಕಿ ಓದಲು ಬರುವಂತಿರಲಿ. ಸರಿಯಾದುದನ್ನು ಪಕ್ಕದಲ್ಲಿ ಬರೆದು ರುಜು ಹಾಕು. ಅಥವಾ ಬೇರೆಯಾಗಿ ತಿದ್ದುಪಡಿ ನಮೂದು ಬರೆ. ಹಾಳೆ ಹರಿದು ಹೊಸ ಹಾಳೆ ಹೊಲಿದವನನ್ನು ಯಾವ ಲೆಕ್ಕ ಪರಿಶೋಧಕನೂ ನಂಬಲಾರ, ಹೊಸ ಹಾಳೆಯ ಅಂಕಿಗಳು ಸರಿಯಾಗಿದ್ದರೂ ಕೂಡ. ಗಣಕಯಂತ್ರದ ಲೆಕ್ಕ ಬಂದ ಮೇಲೆ ಈ ಶಿಸ್ತು ಸಡಿಲಾಗಿತ್ತು. ಅದನ್ನು ಬಿಗಿಗೊಳಿಸಲು, ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶವು ಪ್ರತಿಯೊಂದು ಬದಲಾವಣೆಯನ್ನೂ ದಿನಾಂಕ ಸಹಿತ ದಾಖಲಿಸಬೇಕು, ಆ ದಾಖಲೆಯನ್ನು ಆರಿಸಿಡಲು ಬರುವಂತಿರಬಾರದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ನಮ್ಮಲ್ಲಿ ಕೆಲವರು ಇದು ತೊಂದರೆಯೆಂದು ಗೊಣಗಿದರು. ನಾನೂ ಗೊಣಗಿದವನೇ.

ಛಾಯಾಚಿತ್ರಕ್ಕೂ ಇಂತಹ ವ್ಯವಸ್ಥೆ ಅಸಾಧ್ಯವೇನಲ್ಲ. 1994ರಿಂದಲೇ ಫೋಟೋಶಾಪ್‌ನಲ್ಲಿ ಪದರಗಳ ಸೌಲಭ್ಯವಿದೆ. ಮೂಲವನ್ನು ಕೆಳಗಿನ ಪದರದಲ್ಲಿ ಮುಟ್ಟದೆ ಇಟ್ಟು ತಿದ್ದುವಿಕೆಯನ್ನೆಲ್ಲ ಮೇಲಿನ ಪದರದಲ್ಲಿ ಮಾಡಬಹುದು. 2007ರಲ್ಲಿ ಬಂದ ಲೈಟ್‌ರೂಮ್ ಎಂಬ ತಂತ್ರಾಂಶವಂತೂ ಮೂಲ ಕಡತವನ್ನು ಬದಲಿಸುವುದೇ ಇಲ್ಲ. ಏನೇನು ಬದಲಿಸಬೇಕೆಂಬ ಸೂಚನೆಗಳನ್ನಷ್ಟೇ ಬೇರೆಯಾಗಿ ಬರೆದಿಟ್ಟುಕೊಳ್ಳುತ್ತದೆ. ಇದು ತಿದ್ದುಪಡಿ ನಮೂದಲ್ಲದೆ ಮತ್ತೇನು? 2021ರಲ್ಲಿ ಅಡೋಬಿ, ಮೈಕ್ರೋಸಾಫ್ಟ್, ಬಿಬಿಸಿ ಮೊದಲಾದ ಸಂಸ್ಥೆಗಳು ಒಟ್ಟುಗೂಡಿ, ಚಿತ್ರ ಎಲ್ಲಿ ಹುಟ್ಟಿತು, ಯಾವ ಹಂತದಲ್ಲಿ ಏನು ಬದಲಾಯಿತು ಎಂಬ ಚರಿತ್ರೆಯನ್ನು ಚಿತ್ರದ ಜೊತೆಯಲ್ಲೇ ಮುದ್ರೆಯೊತ್ತಿ ಕಳುಹಿಸುವ ಒಂದು ಮಾನದಂಡವನ್ನು ರೂಪಿಸತೊಡಗಿದವು. 2023ರಲ್ಲಿ ಲೈಕಾ ಕಂಪನಿ ಈ ಮುದ್ರೆಯನ್ನು ತಾನೇ ಒತ್ತುವ ಕ್ಯಾಮೆರಾವನ್ನು ಹೊರತಂದಿತು. ಅಷ್ಟು ಬೆಲೆಯ ಯಂತ್ರ ನಮ್ಮ ಬಸದಿಗಳಿಗೆ ಬೇಕಿಲ್ಲ. ಹಳೆಯ ಚಿತ್ರವನ್ನು ಸ್ಕ್ಯಾನ್ ಮಾಡಿದ ದಿನವೇ ಎರಡು ಪ್ರತಿ ತೆಗೆದು ಇಬ್ಬರು ಧರ್ಮದರ್ಶಿಗಳ ಮನೆಗಳಲ್ಲಿಡಲು, ಕೆಲಸದ ಪ್ರತಿಗೆ ಬೇರೆ ಹೆಸರು ಕೊಡಲು, ಕಾಗದದ ಮೂಲವನ್ನು ಟ್ರಸ್ಟಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಪತ್ರಗಳೊಡನೆ ಇರಿಸಲು ಹಣವೂ ಬೇಡ, ಪಾಂಡಿತ್ಯವೂ ಬೇಡ. ಜಮೀನಿನ ಪತ್ರವನ್ನು ನಾವು ರದ್ದಿಗೆ ಹಾಕುತ್ತೇವೆಯೇ?

ಮನೆಯ ಚಿತ್ರಗಳ ವಿಷಯದಲ್ಲಿ ನಾನು ಇಷ್ಟು ಕಠಿಣನಲ್ಲ. ಮಗನ ಮದುವೆಯ ಗುಂಪುಚಿತ್ರದಲ್ಲಿ ತೀರಿಹೋದ ತಂದೆಯವರನ್ನು ಸೇರಿಸಿ ಗೋಡೆಗೆ ಹಾಕಿದ ಮನೆಯೊಂದನ್ನು ನೋಡಿದ್ದೇನೆ. ಬಂದವರಿಗೆಲ್ಲ ಆ ತಾಯಿ ತಾನಾಗಿಯೇ ಹೇಳುತ್ತಾರೆ, ‘ಇವರು ಆಗ ಇರಲಿಲ್ಲ, ಆಮೇಲೆ ಸೇರಿಸಿದ್ದು’ ಎಂದು. ಅಲ್ಲಿ ವಂಚನೆ ಎಲ್ಲಿದೆ? ವಧೂವರರ ಚಿತ್ರಗಳನ್ನು ಬಿಳಿಮಾಡಿ ಕಳುಹಿಸುವುದು ಬೇರೆಯೇ ಮಾತು. ಅದು ತೈಲ ಸವರಿದ ಮೆಣಸು. ಅದರ ಫಲವನ್ನು ಅನುಭವಿಸುವವಳು ಮಾತ್ರ ಆ ಹೆಣ್ಣುಮಗಳು. ತನ್ನ ಮೈಬಣ್ಣ ತಿದ್ದತಕ್ಕ ದೋಷವೆಂದು ಹೆತ್ತವರಿಂದಲೇ ಅವಳಿಗೆ ತಿಳಿಯುತ್ತದೆ.

ಉಪಕರಣವನ್ನು ದೂರಿ ಪ್ರಯೋಜನವಿಲ್ಲವೆಂಬುದಕ್ಕೆ ಬೆಂಗಳೂರಿನಲ್ಲೇ ಒಳ್ಳೆಯ ನಿದರ್ಶನವಿದೆ. ಅಲ್ಲಿಯ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಸುತ್ತಲಿನ ಶಿಲಾಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತ ಬಂದಿದ್ದಾರೆ. ಗಣಕಯಂತ್ರದಲ್ಲಿ ಕಲ್ಲಿನ ಬಣ್ಣವನ್ನು ತೆಗೆದುಹಾಕಿ, ಬೇಕಾದ ದಿಕ್ಕಿನಿಂದ ಬೆಳಕು ಬೀಳಿಸಿ, ಕಣ್ಣಿಗೆ ಕಾಣದ ಸವೆದ ಅಕ್ಷರಗಳನ್ನು ಓದುತ್ತಾರೆ. ಅದೂ ತಿದ್ದಿದ ಚಿತ್ರವೇ. ಆದರೆ ಕಲ್ಲಿನಲ್ಲಿ ಇಲ್ಲದ ಒಂದು ಗೆರೆಯೂ ಅಲ್ಲಿ ಸೇರುವುದಿಲ್ಲ, ಬೇಕೆಂದಾಗ ಮೂಲಕ್ಕೆ ಮರಳಬಹುದು.

ಇದನ್ನು ನಮಗೆ ತಿಳಿಸಿದವಳು ಆ ವಿದ್ಯಾರ್ಥಿನಿಯೇ. ಕಳೆದ ಚಳಿಗಾಲದಲ್ಲಿ ಅವಳು ಮತ್ತೊಮ್ಮೆ ಬಂದಳು. ಸಂಚಿಕೆಯ ಉಳಿದ ಪ್ರತಿಗಳಿಗೆಲ್ಲ ತಪ್ಪೊಪ್ಪಿಗೆಯ ಚೀಟಿ ಅಂಟಿಸುವ ಕೆಲಸದಲ್ಲಿ ನಾವಿದ್ದೆವು. ಆ ತರುಣನೂ ಗೋಂದಿನ ಬಟ್ಟಲು ಹಿಡಿದು ಕುಳಿತಿದ್ದ. ಪುರೋಹಿತರ ಅನುಮತಿ ಪಡೆದು ಸಂಜೆ ದೀಪಗಳನ್ನು ತಗ್ಗಿಸಿದೆವು. ಅವಳು ಗರ್ಭಗೃಹದ ಹೊಸ್ತಿಲಾಚೆಯೇ ಕುಳಿತು ಬಿಂಬಕ್ಕಾಗಲಿ ಪೀಠಕ್ಕಾಗಲಿ ಕೈ ತಾಗದಂತೆ ಉದ್ದನೆಯ ಕೋಲಿಗೆ ಕಟ್ಟಿದ ಟಾರ್ಚಿನ ಬೆಳಕನ್ನು ಪೀಠಕ್ಕೆ ಓರೆಯಾಗಿ ಹಿಡಿಸಿದಳು. ಎದುರಿನಿಂದ ನೋಡಿದರೆ ನುಣ್ಣಗಿದ್ದ ಕಲ್ಲಿನಲ್ಲಿ ಪಕ್ಕದ ಬೆಳಕಿಗೆ ನೆರಳುಗಳು ಎದ್ದವು. ಮೇಲಿನ ಸಾಲು ಪೂರ್ತಿ ಹೋಗಿದೆ. ಎರಡನೆಯ ಸಾಲಿನ ಆರಂಭದಲ್ಲಿ ನಾಲ್ಕು ಅಕ್ಷರಗಳು ಉಳಿದಿವೆ. ಅವುಗಳಲ್ಲಿ ಮೂರನ್ನು ಅವಳು ಓದಿದಳು, ನಾಲ್ಕನೆಯದರ ಮುಂದೆ ತನ್ನ ಪುಸ್ತಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡಳು. ಲಾಂಛನದ ಕೊಂಬಿನಲ್ಲಿ ಒಂದು ಕವಲು ಕಾಣಿಸಿತು. ಜಿಂಕೆಯದೇ.